ಹುರಿಯಾಳಿನ ಪಹಣಿ ನೋಡಿದ್ದೀರಾ?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. 2024ರ ಲೋಕಸಭೆ ಚುನಾವಣೆಯಲ್ಲಿ ತುಮಕೂರು ಕ್ಷೇತ್ರದ ಹುರಿಯಾಳುಗಳು ನಾಮಪತ್ರ ಹಿಂತೆಗೆಯಲು ಕೊನೆಯ ದಿನ ಏಪ್ರಿಲ್ 8. ಮತದಾನ ಏಪ್ರಿಲ್ 26. ಕಣದಲ್ಲಿ ಯಾರು ಉಳಿದರು ಎಂದು ಖಚಿತವಾದ ಮೇಲೆ ಸಿಕ್ಕಿದ್ದು ಹದಿನೆಂಟು ದಿನ. ಕೊನೆಯ ಎರಡು ದಿನ ಬಹಿರಂಗ ಪ್ರಚಾರ ಇಲ್ಲ. ಉಳಿದದ್ದು ಹದಿನಾರು. ಕ್ಷೇತ್ರದ ಮತದಾರರು ಹದಿನಾರು ಲಕ್ಷಕ್ಕೂ ಹೆಚ್ಚು. ಅಂದರೆ ಹುರಿಯಾಳು ಊಟ ನಿದ್ದೆ ಬಿಟ್ಟು ತಿರುಗಿದರೂ ದಿನಕ್ಕೆ ಲಕ್ಷ ಜನರ ಮುಖ ನೋಡಬೇಕು! 2019ರಲ್ಲೂ ಹೀಗೇ. ಹಿಂತೆಗೆತ ಮಾರ್ಚ್ 29ಕ್ಕೆ, ಮತದಾನ ಏಪ್ರಿಲ್ 18ಕ್ಕೆ.

ಅವರು ನಮ್ಮನ್ನು ಪರಿಚಯ ಮಾಡಿಕೊಳ್ಳೋದು ಹಾಗಿದ್ದರೆ ಆಗದ ಮಾತು. ತೆರೆದ ವಾಹನದಲ್ಲಿ ನಿಂತು ಕೈಮುಗಿದು ಹೋಗುತ್ತಾರೆ, ನಾವು ದೂಳಿನಲ್ಲಿ ನಿಂತು ನೋಡುತ್ತೇವೆ. ಸಿದ್ಧಗಂಗೆ ದನಗಳ ಜಾತ್ರೆಯಲ್ಲಿ ಒಂದು ಜೊತೆ ಹೋರಿ ಕೊಳ್ಳುವ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಯಾವೂರಿನವು ಎಂದು ಕೇಳುತ್ತಾನೆ. ಐದು ವರ್ಷಕ್ಕೆ ಡೆಲ್ಲಿಗೆ ಕಳಿಸುವ ಮನುಷ್ಯನ ಬಗ್ಗೆ ಮಾತ್ರ "ಯಾರ್ ಬಂದ್ರೂ ಅಷ್ಟೇ ಬುಡಣ್ಣ" ಎಂದು ಬೀಡಿ ಹಚ್ಚುತ್ತಾನೆ. ಯಾರು ಬಂದರೂ ಅಷ್ಟೇ ಅಲ್ಲ. ಆದರೆ ಯಾರು ಬಂದಿದ್ದಾರೆ ಎಂದು ತಿಳಿಯೋದಕ್ಕೆ ಚುನಾವಣೆ ಘೋಷಣೆ ಆಗುವ ತನಕ ಕಾಯಬಾರದು. ಮುಂದಿನ ಲೋಕಸಭೆ ಚುನಾವಣೆ ಮಾಮೂಲು ಕ್ರಮದಲ್ಲಾದರೆ 2029ಕ್ಕೆ. ಆತುರವಿಲ್ಲದ ಈ ಕಾಲದಲ್ಲೇ ನಾಲ್ಕು ಮಾತು ಹೇಳಿಬಿಡೋಣ ಎಂದು ಈ ಬರಹ.

ಮೊದಲು ಕ್ಷೇತ್ರ ಯಾವುದು ಗೊತ್ತೇ?

ಇದೇನು ಪ್ರಶ್ನೆ ಎಂದು ನಗಬೇಡಿ. ತುಮಕೂರು ಜಿಲ್ಲೆಯಲ್ಲಿ ಹನ್ನೊಂದು ವಿಧಾನಸಭಾ ಕ್ಷೇತ್ರಗಳಿವೆ. 2008ರ ಮರುವಿಂಗಡಣೆಯ ನಂತರ ಇವು ಮೂರು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋಗಿವೆ. ತುಮಕೂರು ನಗರ, ತುಮಕೂರು ಗ್ರಾಮಾಂತರ, ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಕೊರಟಗೆರೆ, ಮಧುಗಿರಿ ಈ ಎಂಟು ತುಮಕೂರಿಗೆ. ಶಿರಾ, ಪಾವಗಡ ಚಿತ್ರದುರ್ಗಕ್ಕೆ. ಕುಣಿಗಲ್ ಒಂದೇ ಬೆಂಗಳೂರು ಗ್ರಾಮಾಂತರಕ್ಕೆ.

ಕುಣಿಗಲ್‌ನವರ ಪಾಡು ಸ್ವಲ್ಪ ಯೋಚಿಸಿ. ಜಿಲ್ಲಾಧಿಕಾರಿ ತುಮಕೂರಿನವರು, ಡಿ.ಸಿ.ಸಿ. ಬ್ಯಾಂಕು ತುಮಕೂರಿನದು, ಹಾಲು ಒಕ್ಕೂಟ ತುಮಕೂರಿನದು. ಎಂ.ಪಿ. ಮಾತ್ರ ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ, ಆನೇಕಲ್, ಬೆಂಗಳೂರು ದಕ್ಷಿಣ, ರಾಜರಾಜೇಶ್ವರಿನಗರದ ಜೊತೆ. 2024ರಲ್ಲಿ ಆ ಕ್ಷೇತ್ರದ ಒಟ್ಟು ಮತದಾರರು ಇಪ್ಪತ್ತೆಂಟು ಲಕ್ಷದ ಹತ್ತಿರ. ಅದರಲ್ಲಿ ಕುಣಿಗಲ್‌ನವರು ಎರಡು ಲಕ್ಷದ ಆಸುಪಾಸು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಓಟಿನ ಮುಂದೆ ಅಮೃತೂರು, ಹುಲಿಯೂರುದುರ್ಗದ ರಾಗಿ ಹೊಲದವರ ಓಟು ಎಷ್ಟು ತೂಗೀತು? ಪತ್ರಿಕೆಗಳ ಜಿಲ್ಲಾ ಪುಟದಲ್ಲೂ ತುಮಕೂರು ಕಣದ ಸುದ್ದಿಯೇ ಹೆಚ್ಚು. ಕುಣಿಗಲ್ ರೈತ ತನ್ನದಲ್ಲದ ಕ್ಷೇತ್ರದ ಹುರಿಯಾಳುಗಳ ವಿಚಾರವನ್ನೇ ಹೆಚ್ಚು ಓದಿಕೊಂಡು ಮತಗಟ್ಟೆಗೆ ಹೋಗುತ್ತಾನೆ. ಹುರಿಯಾಳುಗಳ ಕಾಗದಪತ್ರವೂ 2024ರಲ್ಲಿ ತುಮಕೂರು ಕಚೇರಿಗಲ್ಲ, ರಾಮನಗರದ ಕಡೆಗೆ ಹೋಗಿತ್ತು. ಅದಕ್ಕೇ ಮೊದಲು ಕ್ಷೇತ್ರ ಕೇಳಿದ್ದು. ಮುಂದೆ ಮತ್ತೆ ಮರುವಿಂಗಡಣೆ ಆದರೆ ಈ ಲೆಕ್ಕವೂ ಬದಲಾದೀತು, ಆಗ ಹೊಸದಾಗಿ ಕೇಳಿಕೊಳ್ಳಬೇಕು.

ಬಾವುಟ ಒಂದೇ ನೋಡಿದರೆ

ನಮ್ಮ ಕ್ಷೇತ್ರದ ಹಳೆಯ ಪಟ್ಟಿ ತೆಗೆದು ನೋಡಿ. ಜಿ.ಎಸ್. ಬಸವರಾಜ್ ಐದು ಸಲ ಗೆದ್ದರು. 1984, 1989, 1999ರಲ್ಲಿ ಕಾಂಗ್ರೆಸ್ಸಿನಿಂದ. 2009, 2019ರಲ್ಲಿ ಬಿಜೆಪಿಯಿಂದ. ಎಸ್.ಪಿ. ಮುದ್ದಹನುಮೇಗೌಡರು 2014ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2019ರಲ್ಲಿ ಮೈತ್ರಿಯ ಲೆಕ್ಕದಲ್ಲಿ ಅವರ ಸ್ಥಾನ ಜೆಡಿಎಸ್‌ಗೆ ಹೋಗಿ ಎಚ್.ಡಿ. ದೇವೇಗೌಡರು ಬಂದು ನಿಂತರು, 13,339 ಮತಗಳಿಂದ ಸೋತರು. ಮುದ್ದಹನುಮೇಗೌಡರು 2022ರಲ್ಲಿ ಬಿಜೆಪಿಗೆ ಹೋಗಿ, 2024ಕ್ಕೆ ಕಾಂಗ್ರೆಸ್ಸಿಗೆ ವಾಪಸ್ಸು ಬಂದು, ವಿ. ಸೋಮಣ್ಣನವರ ಎದುರು 1,75,594 ಮತಗಳಿಂದ ಸೋತರು. ಒಮ್ಮೆ ಕುಣಿಗಲ್ ಶಾಸಕರಾಗಿದ್ದ ಮನುಷ್ಯನಿಗೆ ಎಂ.ಪಿ. ಚುನಾವಣೆಯಲ್ಲಿ ಕುಣಿಗಲ್‌ನವರು ಓಟು ಹಾಕುವಂತಿರಲಿಲ್ಲ, ಅದು ಬೇರೆ ತಮಾಷೆ.

ಪಕ್ಷ ಬಿಟ್ಟವರನ್ನು ಹಂಗಿಸೋಕೆ ಇದನ್ನು ಹೇಳುತ್ತಿಲ್ಲ. ಬಾವುಟ ಬದಲಾದರೂ ಮನುಷ್ಯ ಅವನೇ ಇರುತ್ತಾನೆ ಎಂದು ಹೇಳೋದಕ್ಕೆ. ಮನುಷ್ಯ ಹಳಬನಾದರೆ ಅವನ ಹಳೆಯ ಕೆಲಸವೂ ಎಲ್ಲೋ ದಾಖಲಾಗಿರುತ್ತದೆ. ಹುಡುಕಬೇಕು.

"ಹೊರಗಿನವರು, ಒಳಗಿನವರು" ಎಂಬ ಮಾತು 2019ರಲ್ಲೂ ಎದ್ದಿತು, 2024ರಲ್ಲೂ ಎದ್ದಿತು. ನನಗೆ ಆ ಮಾತಿನಲ್ಲಿ ಅಷ್ಟು ರುಚಿಯಿಲ್ಲ. ಪಕ್ಕದ ಊರಿನವರಾದರೂ ಕೈಗೆ ಸಿಗದವರಿದ್ದಾರೆ. ದೂರದವರಾಗಿದ್ದೂ ಫೈಲು ಹಿಡಿದು ಓಡಾಡಿದವರಿದ್ದಾರೆ. ಊರು ಕೇಳುವುದಕ್ಕಿಂತ, ತುಮಕೂರಿನಲ್ಲಿ ಕಚೇರಿ ಎಲ್ಲಿ ಇಡ್ತೀರಿ, ಯಾವ ವಾರ ಕೂರ್ತೀರಿ, ನೀವಿಲ್ಲದಾಗ ಅರ್ಜಿ ತಗೊಳ್ಳೋರು ಯಾರು ಎಂದು ಕೇಳಿದರೆ ಕೆಲಸಕ್ಕೆ ಬಂದೀತು.

ಹುರಿಯಾಳಿನ ಪಹಣಿ

ಜಮೀನು ಕೊಳ್ಳುವಾಗ ಪಹಣಿ ನೋಡದೆ ಮುಂಗಡ ಕೊಡುವ ರೈತ ಈಗ ಇಲ್ಲ. ಹುರಿಯಾಳಿಗೂ ಒಂದು ಪಹಣಿ ಇದೆ. ಅದರ ಹೆಸರು ನಮೂನೆ 26. ನಾಮಪತ್ರದ ಜೊತೆ ನೋಟರಿ ಮುಂದೆ ಪ್ರಮಾಣ ಮಾಡಿ ಕೊಡಬೇಕಾದ ಅಫಿಡವಿಟ್ಟು. 1952ರಿಂದ 1999ರ ತನಕ ನಡೆದ ಹದಿಮೂರು ಲೋಕಸಭೆ ಚುನಾವಣೆಗಳಲ್ಲಿ ಇಂಥ ಹಾಳೆಯೇ ಇರಲಿಲ್ಲ. ಸುಪ್ರೀಂ ಕೋರ್ಟು 2002ರ ಮೇ ತಿಂಗಳಲ್ಲೂ ಮತ್ತೆ 2003ರ ಮಾರ್ಚ್‌ನಲ್ಲೂ, ನಿಲ್ಲುವವರ ಹಿನ್ನೆಲೆ ತಿಳಿಯುವುದು ಮತದಾರನ ಹಕ್ಕು ಎಂದು ಹೇಳಿದ ಮೇಲೆ ಬಂತು. ಚುನಾವಣಾಧಿಕಾರಿ ಕಚೇರಿಯ ನೋಟೀಸು ಬೋರ್ಡಿಗೆ ಹಾಕುತ್ತಾರೆ. ಆಯೋಗದ ಜಾಲತಾಣದಲ್ಲೂ ಇರುತ್ತದೆ. ಮೊಬೈಲಿನಲ್ಲಿ ಸಿನಿಮಾ ನೋಡುವ ಮಗನಿಗೋ ಮೊಮ್ಮಗಳಿಗೋ ಹೇಳಿದರೆ ಎರಡು ನಿಮಿಷದಲ್ಲಿ ತೆಗೆದುಕೊಡುತ್ತಾರೆ.

ಪುಟ ಎಷ್ಟಿದ್ದರೂ ಹೆದರಬೇಕಿಲ್ಲ. ವಕೀಲರಿಗಿಂತ ರೈತರಿಗೇ ಚೆನ್ನಾಗಿ ಅರ್ಥವಾಗುವ ಭಾಗ ಅದರಲ್ಲಿದೆ. ಕೃಷಿ ಜಮೀನಿನ ಕಲಂ ನೋಡಿ. ಸರ್ವೆ ನಂಬರು, ವಿಸ್ತೀರ್ಣ, ಪಿತ್ರಾರ್ಜಿತವೋ ಅಲ್ಲವೋ, ಕೊಂಡಿದ್ದರೆ ಯಾವ ದಿನ ಎಷ್ಟಕ್ಕೆ, ಆಮೇಲೆ ಅದರ ಮೇಲೆ ಎಷ್ಟು ಖರ್ಚು, ಈಗಿನ ಅಂದಾಜು ಬೆಲೆ ಎಷ್ಟು, ಎಲ್ಲ ಬರೆಯಬೇಕು. ಹೆಂಡತಿ ಅಥವಾ ಗಂಡ, ಅವಿಭಕ್ತ ಕುಟುಂಬ, ಅವಲಂಬಿತರು, ಇವರ ಹೆಸರಿನದೂ ಸೇರಬೇಕು. ಆ ಸುತ್ತಿನಲ್ಲಿ ಎಕರೆ ಏನು ನಡೀತಿದೆ ಎಂದು ನಮಗೆ ಗೊತ್ತು. ಹೆದ್ದಾರಿ ಪಕ್ಕದ ಜಮೀನಿಗೆ ಮಾರುಕಟ್ಟೆ ಬೆಲೆ ಅಂತ ಯಾರಾದರೂ ಹೊಲದ ಬೆಲೆ ಬರೆದಿದ್ದರೆ ಓದಿದ ಕೂಡಲೇ ನಗು ಬರುತ್ತೆ. ಸರ್ವೆ ನಂಬರು ಕೊಟ್ಟಿರೋದರಿಂದ ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆದು ತಾಳೆ ನೋಡುವುದೂ ಸಾಧ್ಯ.

ವೃತ್ತಿ ಎಂಬಲ್ಲಿ "ಕೃಷಿ" ಎಂದು ಬರೆಯುವವರು ಬಹಳ ಜನ. ಸಂತೋಷ, ನಮ್ಮ ಜಾತಿಯವರೇ ಆದರು! ಆಗ ನಮ್ಮ ಲೆಕ್ಕ ಹಾಕಿ ನೋಡಬೇಕು. ಎಕರೆಗೆ ನಲವತ್ತು ತೆಂಗಿನ ಮರ, ಮರಕ್ಕೆ ವರ್ಷಕ್ಕೆ ಎಂಬತ್ತು ಕಾಯಿ ಹಿಡಿಯಿರಿ. 3,200 ಕಾಯಿ. ಅಟ್ಟದಲ್ಲಿಟ್ಟು ಒಡೆದರೆ ಸಾವಿರ ಕಾಯಿಗೆ 140 ಕೆ.ಜಿ. ಉಂಡೆ ಕೊಬ್ಬರಿ ಬಂದರೆ ನಾಲ್ಕೂವರೆ ಕ್ವಿಂಟಾಲಿನಷ್ಟು. ಕ್ವಿಂಟಾಲಿಗೆ 12,000 ರೂಪಾಯಿಯಂತೆ 54,000. ಇದರಲ್ಲೇ ಗೊಬ್ಬರ, ಉಳುಮೆ, ಕಾಯಿ ಕೀಳೋ ಕೂಲಿ, ಸುಲಿಯೋ ಕೂಲಿ. ನುಸಿ ಬಿದ್ದರೆ, ಮಳೆ ಕೈಕೊಟ್ಟರೆ ಇಷ್ಟೂ ಇಲ್ಲ. ದರ ಏರಿದ ವರ್ಷ ಇದು ದುಪ್ಪಟ್ಟಾದೀತು. ಇದು ನನ್ನ ಅಂದಾಜು, ನಿಮ್ಮ ತೋಟದ್ದು ಬೇರೆ ಇರಬಹುದು. ಆದರೆ ಹತ್ತೆಕರೆ ತೋಟ ತೋರಿಸಿ ಐವತ್ತು ಲಕ್ಷ ಕೃಷಿ ಆದಾಯ ಬರೆದ ಕಾಗದ ಕೈಗೆ ಸಿಕ್ಕಿದರೆ ಬೈಯಬೇಡಿ. ಯಾವ ತಳಿ, ಏನು ಗೊಬ್ಬರ ಎಂದು ಕೇಳಿ ನಮ್ಮ ಪತ್ರಿಕೆಗೆ ಒಂದು ಲೇಖನ ಬರೆಸಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬುದನ್ನು ಮರೆಯದೆ ಇಟ್ಟುಕೊಂಡು ಆ ಕಲಂ ಓದಬೇಕು.

ಕೇಸುಗಳ ಕಲಂ ಇನ್ನೊಂದು. ಸಂಖ್ಯೆ ನೋಡಿ ತೀರ್ಮಾನಕ್ಕೆ ಬರಬೇಡಿ. ನಾಲೆ ನೀರಿಗಾಗಿ ರಸ್ತೆ ತಡೆದು ಕೂತಿದ್ದೂ ಒಂದು ಕೇಸು, ಜನರ ಹಣ ನುಂಗಿದ್ದೂ ಒಂದು ಕೇಸು. ಸೆಕ್ಷನ್ ಯಾವುದು, ಕೋರ್ಟು ದೋಷಾರೋಪ ಹೊರಿಸಿದೆಯೋ ಇಲ್ಲವೋ ಎಂಬುದು ಅಲ್ಲೇ ಇರುತ್ತದೆ. 2024ರ ಜುಲೈ 1ರಿಂದ ಐ.ಪಿ.ಸಿ. ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಹಳೇ ಕೇಸಿಗೆ ಹಳೇ ನಂಬರು, ಹೊಸದಕ್ಕೆ ಹೊಸ ನಂಬರು ಕಾಣಿಸಿ ಗಲಿಬಿಲಿ ಆಗಬಹುದು. ಪರಿಚಯದ ವಕೀಲರೊಬ್ಬರಿಗೆ ತೋರಿಸಿದರೆ ಸಾಕು. ಕೇಸಿದ್ದವರು ಅದನ್ನು ಪತ್ರಿಕೆ, ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು ಎಂಬ ನಿಯಮ 2018ರಲ್ಲಿ ಬಂತು. ಇಂಥವರನ್ನೇ ಏಕೆ ಆರಿಸಿದಿರಿ ಎಂದು ಪಕ್ಷವೂ ಕಾರಣ ಹೇಳಬೇಕೆಂದು 2020ರಲ್ಲಿ ಆದೇಶವಾಯಿತು. ಆ ಜಾಹೀರಾತುಗಳು ಸಣ್ಣ ಅಕ್ಷರದಲ್ಲಿ, ಒಳಪುಟದ ಮೂಲೆಯಲ್ಲಿ ಬರುತ್ತವೆ. ಕೋರ್ಟು ಹೇಳಿತೆಂದು ಹಾಕುವವರು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆಯೇ?

ಸುಳ್ಳು ಬರೆದರೆ? ಆರು ತಿಂಗಳ ತನಕ ಜೈಲು, ಇಲ್ಲವೇ ದಂಡ ಎಂದು ಕಾನೂನಿನಲ್ಲಿದೆ. ಆದರೆ ಕೋರ್ಟಿನ ದಾರಿ ಎಷ್ಟು ಉದ್ದ ಎಂಬುದಕ್ಕೆ ನಮ್ಮ ಅಕ್ಕಪಕ್ಕದಲ್ಲೇ ಎರಡು ಉದಾಹರಣೆ ಇವೆ. ಹಾಸನದ 2019ರ ಲೋಕಸಭೆ ಆಯ್ಕೆಯನ್ನು, ಆಸ್ತಿ ವಿವರ ಸರಿಯಾಗಿ ಕೊಟ್ಟಿಲ್ಲ ಎಂದು ರಾಜ್ಯ ಹೈಕೋರ್ಟು ಅಸಿಂಧು ಮಾಡಿದ್ದು 2023ರ ಸೆಪ್ಟೆಂಬರ್ 1ಕ್ಕೆ. ಅದಕ್ಕೂ ಸುಪ್ರೀಂ ಕೋರ್ಟಿನಿಂದ ತಡೆ ಸಿಕ್ಕಿತು. ಇನ್ನೊಂದು ನಮ್ಮ ತುಮಕೂರು ಗ್ರಾಮಾಂತರದ್ದೇ. 2018ರ ವಿಧಾನಸಭೆ ಚುನಾವಣೆಯಲ್ಲಿ ಮತದಾರರಿಗೆ ನಕಲಿ ವಿಮೆ ಬಾಂಡು ಹಂಚಿದ ಪ್ರಕರಣ. ಹೈಕೋರ್ಟು ಆ ಆಯ್ಕೆ ರದ್ದು ಮಾಡಿದ್ದು 2023ರ ಮಾರ್ಚ್ 30ಕ್ಕೆ. ಅಷ್ಟರಲ್ಲಿ ಐದು ವರ್ಷ ಮುಗಿದು, ಮೇ ತಿಂಗಳ ಚುನಾವಣೆ ಬಾಗಿಲಿಗೆ ಬಂದಿತ್ತು. ಮೇಲ್ಮನವಿ ಹಾಕಿ ಅವರು ಮತ್ತೆ ನಿಂತರು ಕೂಡ. ಬೆಳೆ ಕೊಯ್ದಾದ ಮೇಲೆ ಬೇಲಿ ಹಾಕಿದ ಹಾಗೆ. ತಾಳೆ ನೋಡುವ ಕೆಲಸ ಓಟು ಹಾಕುವ ಮುಂಚೆ ನಾವೇ ಮಾಡಿಕೊಳ್ಳಬೇಕು.

ಹಿಂದೆ ನಿಂತವರೇ ಮತ್ತೆ ನಿಂತರೆ ಎರಡು ಚುನಾವಣೆಯ ಅಫಿಡವಿಟ್ಟು ಪಕ್ಕಪಕ್ಕ ಇಟ್ಟುಕೊಳ್ಳಿ. ಹೊಸ ಸರ್ವೆ ನಂಬರುಗಳು ಎಲ್ಲಿ ಹುಟ್ಟಿವೆ, ಹಳೆಯವು ಎಲ್ಲಿ ಮಾಯವಾಗಿವೆ ನೋಡಿ. ಪತ್ತೇದಾರಿ ಕಾದಂಬರಿಗಿಂತ ಸ್ವಾರಸ್ಯ.

ಹೆಸರಿನ ವಿಚಾರದಲ್ಲೂ ಒಂದು ಎಚ್ಚರ. 2024ರಲ್ಲಿ ಬೆಂಗಳೂರು ಗ್ರಾಮಾಂತರದಲ್ಲಿ ಡಾ. ಸಿ.ಎನ್. ಮಂಜುನಾಥ್ ಮತ್ತು ಡಿ.ಕೆ. ಸುರೇಶ್ ಎದುರಾಳಿಗಳು. ಅವರ ಹೆಸರನ್ನೇ ಹೋಲುವ ಬೇರೆಯವರೂ ಅದೇ ಪಟ್ಟಿಯಲ್ಲಿದ್ದರು. ಮತಯಂತ್ರದ ಮೇಲೆ ಹುರಿಯಾಳಿನ ಫೋಟೋ ಹಾಕುವ ಪದ್ಧತಿ 2015ರಿಂದ ಬಂದಿದ್ದು ಇಂಥ ಗೊಂದಲ ತಪ್ಪಿಸಲಿಕ್ಕೇ. ಮನೆಯ ಹಿರಿಯರಿಗೆ ಮೊದಲೇ ಹೇಳಿ ಕಳಿಸಿ.

ಗುಬ್ಬಿಗೊಂದು ಮಾತು, ಕುಣಿಗಲ್‌ಗೊಂದು ಮಾತು

ಈಗ ಅಸಲು ವಿಚಾರಕ್ಕೆ ಬರ್ತೀನಿ. ಹೇಮಾವತಿ ನೀರು. ಹಾಸನದ ಗೊರೂರಿನಲ್ಲಿರುವ ಜಲಾಶಯ ತುಂಬಿದರೆ 37.10 ಟಿಎಂಸಿ. ತುಮಕೂರು ಜಿಲ್ಲೆಗೆ ಹಂಚಿಕೆಯಾಗಿರುವುದು ಸುಮಾರು 24 ಟಿಎಂಸಿ. ಅದರಲ್ಲಿ ಕುಣಿಗಲ್ ಪಾಲು ಮೂರು ಟಿಎಂಸಿ ಹತ್ತಿರ. ಕುಣಿಗಲ್ ಇರೋದು ನಾಲೆಯ ಬಾಲದಲ್ಲಿ. ಬಾಲಕ್ಕೆ ನೀರು ಹೋಗೋದು ಹೇಗಿರುತ್ತೆ ಅಂತ ನಾಲೆ ಬಯಲಿನ ಯಾವ ರೈತನಿಗೂ ಹೇಳಿಕೊಡಬೇಕಿಲ್ಲ. ಮೇಲಿನವರು ತೂಬು ಎತ್ತುತ್ತಾರೆ, ಪಂಪು ಇಡುತ್ತಾರೆ, ಹೂಳು ತುಂಬಿರುತ್ತದೆ, ಕೊನೆಗೆ ಕುಣಿಗಲ್ ದೊಡ್ಡಕೆರೆ ಆಕಾಶ ನೋಡುತ್ತದೆ.

ಇದಕ್ಕೆ ಪರಿಹಾರವೆಂದು ಸುಮಾರು ಸಾವಿರ ಕೋಟಿಯ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಯೋಜನೆ ಬಂತು. ತುಮಕೂರು ಶಾಖಾ ನಾಲೆಯ 70ನೇ ಕಿಲೋಮೀಟರಿನ ಬಳಿ, ಗುಬ್ಬಿ ತಾಲ್ಲೂಕಿನಲ್ಲಿ, ದೊಡ್ಡ ಪೈಪು ಹಾಕಿ ನೇರ ಕುಣಿಗಲ್‌ಗೆ ನೀರು ಒಯ್ಯುವುದು. ಗುಬ್ಬಿ, ತುರುವೇಕೆರೆ, ತುಮಕೂರು ಕಡೆಯವರಿಗೆ ಹೆದರಿಕೆ ಏನೆಂದರೆ, ತಗ್ಗಿನಲ್ಲಿ ಪೈಪು ಕೂತರೆ ನೀರೆಲ್ಲ ಅದರಲ್ಲೇ ಇಳಿದುಹೋಗುತ್ತದೆ, 70ನೇ ಕಿಲೋಮೀಟರಿನಿಂದ ಕೆಳಗಿನ ನಾಲೆ ಒಣಗುತ್ತದೆ, ಕುಣಿಗಲ್ ಹೆಸರಿನಲ್ಲಿ ನೀರು ಮಾಗಡಿ, ರಾಮನಗರದ ಕಡೆಗೆ ಹೋಗುತ್ತದೆ ಎಂದು. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸುಂಕಾಪುರದ ಬಳಿ ಸಾವಿರಾರು ರೈತರು ಸೇರಿ ಕಾಮಗಾರಿ ವಿರುದ್ಧ ನಿಂತರು.

ನಮ್ಮ ಗುಬ್ಬಿಗೂ ಕುಣಿಗಲ್‌ಗೂ ಹೆಣ್ಣು ಕೊಟ್ಟು ತಂದ ಸಂಬಂಧ. ಮದುವೆ ಮನೆ ಪಂಕ್ತಿಯಲ್ಲೇ ಈ ಮಾತು ಬಂದುಬಿಡುತ್ತದೆ.

"ಏನ್ ಬೀಗ್ರೇ, ನಮ್ ನೀರೆಲ್ಲ ಪೈಪ್ನಾಗೆ ತಗಂಡ್ ಹೋಗ್ತೀರಂತಲ್ಲ?"

"ನಿಮ್ ನೀರಾ? ನಮ್ ಕೆರೆಗೆ ಬರಬೇಕಾದ್ದೇ ಇಷ್ಟ್ ವರ್ಷದಿಂದ ಬಂದಿಲ್ಲ. ಲೆಕ್ಕ ಮಾಡಿದ್ರೆ ನೀವೇ ನಮಗೆ ಬಾಕಿ ಕೊಡ್ಬೇಕು, ಊಟ ಮಾಡಿ."

ಇಬ್ಬರ ಮಾತಲ್ಲೂ ನ್ಯಾಯವಿದೆ. ಇಲ್ಲಿ ಲೋಕಸಭೆ ಹುರಿಯಾಳುಗಳಿಗೆ ಒಂದು ದೊಡ್ಡ ಅನುಕೂಲ ಆಗಿಬಿಟ್ಟಿದೆ. ಗುಬ್ಬಿ ಒಂದು ಕ್ಷೇತ್ರ, ಕುಣಿಗಲ್ ಇನ್ನೊಂದು ಕ್ಷೇತ್ರ. ತುಮಕೂರು ಕಣದಲ್ಲಿ ನಿಂತವರು "ಒಂದು ಹನಿ ಬಿಡಲ್ಲ" ಎಂದರೆ ಚಪ್ಪಾಳೆ. ಬೆಂಗಳೂರು ಗ್ರಾಮಾಂತರದಲ್ಲಿ ನಿಂತವರು "ಹರಿಸಿಯೇ ಸಿದ್ಧ" ಎಂದರೆ ಶಿಳ್ಳೆ. ಒಂದೇ ಪಕ್ಷದ ಇಬ್ಬರು ಇಪ್ಪತ್ತು ಮೂವತ್ತು ಮೈಲಿ ಅಂತರದಲ್ಲಿ ತದ್ವಿರುದ್ಧ ಭಾಷಣ ಮಾಡಿದರೂ ಕೇಳುವವರಿಲ್ಲ. ಏಕೆಂದರೆ ಇಲ್ಲಿನ ಓಟು ಅಲ್ಲಿ ಬೇಕಿಲ್ಲ.

ಇನ್ನೊಂದು ಮುಖ್ಯ ಸಂಗತಿ ಇದೆ. ಈ ನಾಲೆ ರಾಜ್ಯ ಸರ್ಕಾರದ್ದು, ಕಾವೇರಿ ನೀರಾವರಿ ನಿಗಮದ್ದು. ಎಂ.ಪಿ. ಸಹಿ ಹಾಕಿದರೆ ಪೈಪು ಬರೋದೂ ಇಲ್ಲ, ಹರಿದು ಹಾಕಿದರೆ ನಿಲ್ಲೋದೂ ಇಲ್ಲ. ಒತ್ತಡ ತರಬಲ್ಲರು, ನ್ಯಾಯ ಹೇಳಬಲ್ಲರು, ಅಷ್ಟೇ. ಹಾಗಾದರೆ ಅವರನ್ನು ನೀರಿನ ಬಗ್ಗೆ ಕೇಳಲೇಬಾರದೇ? ಕೇಳಬೇಕು, ಆದರೆ "ನೀರು ಕೊಡ್ತೀರಾ" ಎಂದಲ್ಲ. ಅದಕ್ಕೆ ಎಲ್ಲರೂ ಹೂಂ ಅಂತಾರೆ. ಪೈಪು ಬೇಡ ಅನ್ನುವವರನ್ನು, ಹಾಗಾದರೆ ಕುಣಿಗಲ್ ಪಾಲಿನ ಮೂರು ಟಿಎಂಸಿ ಯಾವ ದಾರಿಯಲ್ಲಿ ತಲುಪಿಸ್ತೀರಿ ಎಂದು ಕೇಳಿ. ಬೇಕು ಅನ್ನುವವರನ್ನು, ಪೈಪಿನ ಬಾಯಲ್ಲಿ ನೀರು ಅಳೆಯೋರು ಯಾರು, ಆ ಅಳತೆಯ ಲೆಕ್ಕ ಗುಬ್ಬಿಯವರ ಕೈಗೆ ದಿನಾ ಸಿಗುತ್ತದೋ ಇಲ್ಲವೋ ಕೇಳಿ. ಈ ಪ್ರಶ್ನೆಗೆ ಉತ್ತರ ಹುಡುಕುವವನು ನಾಲೆ ಮೇಲೆ ನಡೆದು ನೋಡಿದವನೋ, ಭಾಷಣ ಬಾಯಿಪಾಠ ಮಾಡಿದವನೋ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತೆ.

ಅವರ ಕೈಲಿ ಇರೋದನ್ನು ಕೇಳಿ

ನೀರಿನ ಗಲಾಟೆಯಲ್ಲಿ, ನಿಜವಾಗಿ ಡೆಲ್ಲಿಯ ಕೈಲಿರೋದನ್ನು ಕೇಳಲು ನಾವು ಮರೆಯುತ್ತೇವೆ. ಕೊಬ್ಬರಿ ಬೆಂಬಲ ಬೆಲೆ ಕೇಂದ್ರದ್ದು. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಂಪುಟ ತೀರ್ಮಾನಿಸುತ್ತದೆ, ಹೆಚ್ಚಾಗಿ ಡಿಸೆಂಬರ್ ಹೊತ್ತಿಗೆ. ಉಂಡೆ ಕೊಬ್ಬರಿಗೆ 2023ಕ್ಕೆ 11,750 ರೂಪಾಯಿ ಇತ್ತು. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ದರ ಎಂಟು ಸಾವಿರದ ಸುತ್ತಮುತ್ತ ಕುಸಿದು ನಾವು ಬೀದಿಗಿಳಿದೆವು. 2024ಕ್ಕೆ 12,000 ಮಾಡಿದರು. ಖರೀದಿ ನೋಂದಣಿ ಒಮ್ಮೆ ನಡೆದು, ಗೋಲ್‌ಮಾಲ್ ದೂರು ಬಂದು ರದ್ದಾಗಿ, ಚುನಾವಣೆ ಹೊಸ್ತಿಲಲ್ಲಿ ಮತ್ತೆ ನಡೆಯಿತು. ರೈತರು ರಾತ್ರಿಯೆಲ್ಲ ಸಾಲು ನಿಂತರು. ಸಾಲು ನಿಂತವರನ್ನು ಮಾತಾಡಿಸಲು ಬಂದ ಹುರಿಯಾಳುಗಳಲ್ಲಿ, ಕೊಳ್ಳುವ ಪ್ರಮಾಣಕ್ಕೆ ಮಿತಿ ಏಕಿದೆ, ಅದನ್ನು ಏರಿಸೋದು ಯಾರು ಎಂದು ವಿವರಿಸಬಲ್ಲವರು ಎಷ್ಟು ಮಂದಿ ಇದ್ದರು? 2025ಕ್ಕೆ ಏರಿದ್ದು ಬರೀ ನೂರು ರೂಪಾಯಿ, 12,100. ಆದರೆ ಆ ವರ್ಷ ಮಾರುಕಟ್ಟೆ ದರ ಇಪ್ಪತ್ತು ಸಾವಿರ ದಾಟಿತು, ನೂರು ರೂಪಾಯಿ ವಿಚಾರ ಯಾರಿಗೂ ಬೇಡವಾಯಿತು. 2026ಕ್ಕೆ 12,500. ದರ ಮತ್ತೆ ಬಿದ್ದ ದಿನ ಈ ಅಂಕಿಯೇ ನಮಗೆ ಗತಿ. ಕೇಳೋದಾದರೆ ದರ ಇರುವಾಗಲೇ ಕೇಳಬೇಕು.

ಅಡಿಕೆಯೂ ಅಷ್ಟೇ. ಹೊರದೇಶದ ಅಡಿಕೆಗೆ ಕನಿಷ್ಠ ಆಮದು ಬೆಲೆ 2017ರಲ್ಲಿ ಕಿಲೋಗೆ 251 ಇದ್ದದ್ದು 2023ರ ಫೆಬ್ರವರಿಯಲ್ಲಿ 351 ಆಯಿತು. ಅದಕ್ಕೂ ಮೊದಲು, 2022ರಲ್ಲಿ, ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಈ ಬೆಲೆಯ ಕಟ್ಟಿಲ್ಲದೆ ದಾರಿ ಬಿಟ್ಟರು. ಇದು ಎಂ.ಪಿ. ಕೆಲಸ. ನಿಮ್ಮ ಬಾಗಿಲಿಗೆ ಬಂದ ಹುರಿಯಾಳಿಗೆ ಈ ಎರಡು ಅಂಕಿ ಗೊತ್ತೇ?

ರೈಲು ಬಹಳ ಹೇಳಬೇಕಿಲ್ಲ. ತುಮಕೂರು–ರಾಯದುರ್ಗ ಮಾರ್ಗ ಮಂಜೂರಾದದ್ದು 2007–08ರಲ್ಲಿ. ತುಮಕೂರು–ದಾವಣಗೆರೆ 2011–12ರಲ್ಲಿ. 2024ರ ಚುನಾವಣೆ ಹೊತ್ತಿಗೂ ಎರಡೂ ಮುಗಿದಿರಲಿಲ್ಲ. ಕುಣಿಗಲ್ ಮೇಲೆ ಹೋಗುವ ಬೆಂಗಳೂರು–ಹಾಸನ ಮಾರ್ಗ 1996–97ರದು, ಪೂರ್ತಿ ಓಡಿದ್ದು 2017ರಲ್ಲಿ. ಗುಬ್ಬಿಯ ಬಿದರೆಹಳ್ಳ ಕಾವಲಿನ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಗೆ 615 ಎಕರೆ ಹೋಯಿತು. 2016ರಲ್ಲಿ ಅಡಿಗಲ್ಲು, 2023ರ ಫೆಬ್ರವರಿ 6ರಂದು ಉದ್ಘಾಟನೆ. ಸುತ್ತಲ ಹಳ್ಳಿಗಳ ಎಷ್ಟು ಮಕ್ಕಳಿಗೆ ಅಲ್ಲಿ ಕೆಲಸ ಸಿಕ್ಕಿದೆ ಎಂದು ಪಾರ್ಲಿಮೆಂಟಿನಲ್ಲಿ ಕೇಳಿ ಉತ್ತರ ತರಿಸಬಲ್ಲವರು ಎಂ.ಪಿ. ಮಾತ್ರ.

ಹಾಲಿ ಅಥವಾ ಮಾಜಿ ಸದಸ್ಯರು ನಿಂತಿದ್ದರೆ ಅವರು ಕೇಳಿದ ಪ್ರಶ್ನೆಗಳೆಲ್ಲ ಲೋಕಸಭೆಯ ಜಾಲತಾಣದಲ್ಲಿ ಅವರ ಹೆಸರಿನಡಿ ಸಿಗುತ್ತವೆ. "ಕೊಬ್ಬರಿ" ಎಂದು ಎಷ್ಟು ಸಲ ಬಂದಿದೆ ಎಣಿಸಿ. ಒಂದು ಮಾತು: ಮಂತ್ರಿಯಾದವರು ಪ್ರಶ್ನೆ ಕೇಳುವಂತಿಲ್ಲ, ಉತ್ತರ ಹೇಳುವವರು ಅವರೇ. 2024ರ ಜೂನ್‌ನಲ್ಲಿ ಸೋಮಣ್ಣನವರು ರೈಲ್ವೆ ಮತ್ತು ಜಲಶಕ್ತಿ ರಾಜ್ಯ ಸಚಿವರಾದ್ದರಿಂದ ಅವರನ್ನು ಪ್ರಶ್ನೆಯ ಸಂಖ್ಯೆಯಿಂದ ಅಳೆಯುವುದು ಸರಿಯಲ್ಲ. ಅಂಥವರದ್ದು ಖಾತೆಯ ಕೆಲಸದಿಂದಲೇ ಅಳೆಯಬೇಕು.

ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಐದು ಕೋಟಿ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ 62 ಲಕ್ಷದ ಮೇಲೆ ಸ್ವಲ್ಪ. ಊರಿಗೊಂದು ಸಮುದಾಯ ಭವನ ಎಂದು ಯಾರಾದರೂ ಹೇಳಿದರೆ ನಿಮ್ಮ ತಾಲ್ಲೂಕಿನ ಊರುಗಳ ಲೆಕ್ಕ ತೆಗೆದು ಭಾಗಿಸಿ ತೋರಿಸಿ.

ಕರೆಸುವುದು ಹೇಗೆ

ಚುನಾವಣೆ ಘೋಷಣೆಯಾದ ಕೂಡಲೇ ನೀತಿಸಂಹಿತೆ ಬರುತ್ತದೆ. ಆಮೇಲೆ ಸಭೆ ಮಾಡಬೇಕಾದರೆ ಅನುಮತಿ, ಖರ್ಚಿನ ಲೆಕ್ಕ, ಯಾವ ಜಾಗ ಎಂಬ ರಗಳೆ. ಅದಕ್ಕೇ ಜನವರಿ, ಫೆಬ್ರವರಿಯಲ್ಲಿ, ಟಿಕೆಟ್‌ಗೆ ಓಡಾಡುವವರು ಯಾರು ಯಾರು ಎಂದು ಪತ್ರಿಕೆಗಳಲ್ಲಿ ಬರುವ ಕಾಲಕ್ಕೇ ಕರೆಯಬೇಕು. ಆಗ ಅವರಿಗೂ ಜನ ಬೇಕಾಗಿರುತ್ತದೆ, ಬರುತ್ತಾರೆ. ಬರಲಿಲ್ಲವೆಂದರೆ ಅದೂ ಒಂದು ಪರಿಚಯವೇ.

ವೇದಿಕೆ, ಹಾರ, ಶಾಲು ಬೇಡ. ಹಾರ ಹಾಕಿದ ಮೇಲೆ ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ. ಮಾತಾಡಲು ಹತ್ತು ನಿಮಿಷ, ಉತ್ತರಕ್ಕೆ ಐವತ್ತು ನಿಮಿಷ. ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದಿಟ್ಟುಕೊಳ್ಳಬೇಕು. ಒಂದೇ ಪ್ರಶ್ನೆಯನ್ನು ಎಲ್ಲ ಪಕ್ಷದವರಿಗೂ ಅದೇ ಪದಗಳಲ್ಲಿ ಕೇಳಬೇಕು. ಕೊಟ್ಟ ಉತ್ತರವನ್ನು ಹಾಲಿನ ಡೇರಿಯ ಪುಸ್ತಕ ಬರೆಯೋ ಹುಡುಗನಂಥ ಒಬ್ಬರು ದಿನಾಂಕ ಹಾಕಿ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ಹಿಡಿದುಕೊಂಡರೆ ಇನ್ನೂ ಒಳ್ಳೆಯದು, ಆದರೆ ಬರಹ ಇರಲಿ. ಹೆಂಗಸರನ್ನು ಹಿಂದಿನ ಸಾಲಿಗೆ ಕೂರಿಸಬೇಡಿ. ನಮ್ಮ ಕಡೆ ಕೊಬ್ಬರಿ ಸುಲಿದು ಹೆರೆಯುವ ಕೆಲಸದಲ್ಲಿ ಅವರ ಕೈಯೇ ಹೆಚ್ಚು. "ದಿನಕ್ಕೆ ಇಷ್ಟ್ ಕಾಯಿ ಅಂತ ಕೂಲಿ ಕೊಡ್ತಾರೆ, ಬೆಲೆ ಏರ್ದಾಗ ನಮ್ ಕೂಲಿ ಏರ್ತದಾ ಸ್ವಾಮಿ?" ಎಂದು ಒಬ್ಬಾಕೆ ಕೇಳಿದರೆ ಅದಕ್ಕೆ ಹುರಿಯಾಳು ಮಾತ್ರವಲ್ಲ, ತೋಟದ ಯಜಮಾನರೂ ಉತ್ತರ ಹುಡುಕಬೇಕಾಗುತ್ತದೆ.

ಸಾಧ್ಯವಾದರೆ ಒಂದು ಸಭೆಯಾದರೂ ಗುಬ್ಬಿ ಮತ್ತು ಕುಣಿಗಲ್‌ನವರು ಸೇರಿ ನಡೆಸಬೇಕೆಂದು ನನ್ನ ಆಸೆ. ತುಮಕೂರು–ಕುಣಿಗಲ್ ರಸ್ತೆಯ ಹೆಬ್ಬೂರಿನಲ್ಲೋ, ನಮ್ಮ ಸಿ.ಎಸ್. ಪುರದಲ್ಲೋ. ತುಮಕೂರಿಗೆ ನಿಲ್ಲುವವರು, ಬೆಂಗಳೂರು ಗ್ರಾಮಾಂತರಕ್ಕೆ ನಿಲ್ಲುವವರು, ಎರಡೂ ಕಡೆಯವರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ, 70ನೇ ಕಿಲೋಮೀಟರಿನ ಪ್ರಶ್ನೆ ಇಡಬೇಕು. ಎರಡೂ ತಾಲ್ಲೂಕಿನ ರೈತರು ಎದುರಿಗೇ ಇರುವುದರಿಂದ ಒಂದೇ ಉತ್ತರ ಹೇಳಬೇಕಾಗುತ್ತದೆ. ಖರ್ಚು ಶಾಮಿಯಾನ ಮತ್ತು ಮಜ್ಜಿಗೆಯದು. ಮಜ್ಜಿಗೆ ಗುಬ್ಬಿಯವರು ತಂದರೆ ಶಾಮಿಯಾನ ಬೀಗರ ಕಡೆಯದು.